ಒಳಗೆ ಹಿಡಿದ ಅರ್ಧರ್ಧ ಇಂಚು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿಯಮ್ಮ ಎಂದು. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ. ನಲವತ್ತಾರು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತವಳು. ಬಾಗಿಲಲ್ಲಿ ನಿಂತವರ ಎಡಹೆಗಲು ಇಳಿದಿದೆಯೋ ಬಲಹೆಗಲು ಇಳಿದಿದೆಯೋ, ಅಳತೆ ಕೊಡುವಾಗ ಯಾರು ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡುತ್ತಿದ್ದಾರೋ ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದಳು. "ಉಸಿರು ಬಿಡಪ್ಪಾ, ಇಲ್ಲಾಂದ್ರೆ ಊಟ ಆದ್ಮೇಲೆ ಗುಂಡಿ ಕಿತ್ಕೊಂಡು ಯಾರ ಕಣ್ಣಿಗೋ ಹೊಡೆಯುತ್ತೆ" ಅನ್ನುವಳು. ಅಂಥವಳ ಕಣ್ಣೇ ತಪ್ಪಿತು ನೋಡಿ, ಅದೂ ಕಟ್ಟಿಕೊಂಡ ಗಂಡನ ವಿಷಯದಲ್ಲಿ.

ಗಂಡ ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿದವರು. ಕೆಲಸ ಬಿಟ್ಟು ಹದಿನಾಲ್ಕು ವರ್ಷವಾದರೂ ಬೀದಿಯವರಿಗೆಲ್ಲ ಇನ್ನೂ ಡ್ರೈವರಣ್ಣ. ಈಗಲೂ ಮಧ್ಯಾಹ್ನದ ಊಟಕ್ಕೆ ಡಬ್ಬಿ ಕಟ್ಟಿಸಿಕೊಂಡು ದಿನಾ ಡಿಪೋಗೆ ಹೋಗಿ ಹಳೆಯ ಗೆಳೆಯರ ಜೊತೆ ಕೂತು ಬರುವರು. ಮಾತು ಕಡಿಮೆ. ಹೆಂಡತಿ ಇಬ್ಬರ ಪಾಲಿನದ್ದನ್ನೂ ಆಡಿ ಮುಗಿಸುತ್ತಿದ್ದುದರಿಂದ ಅವರಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. ಒಂದು ವಾರ ಕೆಮ್ಮಿದರು, ಎರಡು ದಿನ ಜ್ವರದಲ್ಲಿ ಮಲಗಿದರು, ಸೋಮವಾರ ಬೆಳಗ್ಗೆ ಏಳಲು ಹೋದವರು ಮಂಚದ ಪಕ್ಕದಲ್ಲೇ ಕುಸಿದರು. ಎರಡು ಬೀದಿ ಆಚೆಗಿದ್ದ ಮಗಳು, ಶಾಲೆಯ ಟೀಚರು, ಪಾಠ ಅರ್ಧಕ್ಕೆ ಬಿಟ್ಟು ಓಡಿ ಬಂದಳು. ಆಂಬುಲೆನ್ಸ್ ಬಂತು. ಮಧ್ಯಾಹ್ನದ ಹೊತ್ತಿಗೆ ಡ್ರೈವರಣ್ಣ ಐಸಿಯುನಲ್ಲಿ, ಗಂಟಲಲ್ಲಿ ಕೊಳವೆ, ಉಸಿರಾಟಕ್ಕೆ ಮಿಷನ್ನು. ಶ್ವಾಸಕೋಶಕ್ಕೆ ಸೋಂಕು, ಅದು ರಕ್ತಕ್ಕೂ ಹೊಕ್ಕಿದೆ ಎಂದರು ಕನ್ನಡಕದ ಡಾಕ್ಟರು.

ಅವತ್ತೇ ಒಬ್ಬ ನರ್ಸು, ಗಡ್ಡ ಬಿಟ್ಟ ಒಳ್ಳೆಯ ಹುಡುಗ, ಫಾರಂ ಹಿಡಿದು ತಾಯಿ ಮಗಳ ಮುಂದೆ ಕೂತ. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಯಾವ ಮಾತ್ರೆ, ಹೀಗೆ ಕೇಳುತ್ತಾ ಬಂದ.

"ಇತ್ತೀಚೆಗೆ ತೂಕ ಏನಾದ್ರೂ ಇಳಿದಿತ್ತಾ ಅಮ್ಮ?"

"ಇಲ್ಲಪ್ಪ."

"ಬಟ್ಟೆ ಸಡಿಲ ಆಗೋದು? ಪ್ಯಾಂಟು ಜಾರೋದು, ಬೆಲ್ಟಿಗೆ ಹೊಸ ತೂತು ಹಾಕಿಸೋದು, ಅಂಥದ್ದೇನಾದ್ರೂ?"

ಕತ್ತರಿಯಮ್ಮನಿಗೆ ಆ ಸಂಕಟದಲ್ಲೂ ಮೂಗಿನ ತುದಿಗೆ ಕೋಪ ಬಂತು. "ಸಡಿಲಾನಾ? ನಾನು ಹೊಲಿದ ಬಟ್ಟೆ ಸಡಿಲ ಆಗುತ್ತೇನಪ್ಪಾ? ಅವರು ಹಾಕ್ಕೊಂಡು ಬಂದಿರೋ ಪ್ಯಾಂಟು ನೋಡು, ಸೊಂಟಕ್ಕೆ ಹೆಂಗೆ ಕೂತಿದೆ ಅಂತ. ಬೆಲ್ಟೇ ಬೇಡ ಅದಕ್ಕೆ."

"ತೂಕ ಎಷ್ಟಿದ್ದಿರಬಹುದು?"

"ಎಪ್ಪತ್ತೆರಡು" ಎಂದಳು, ತಡವರಿಸದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಪಾಪ. ಅದು ಕೆಲಸ ಬಿಡುವ ವರ್ಷ ಡಿಪೋದಲ್ಲಿ ಮಾಡಿಸಿದ ತಪಾಸಣೆಯ ತೂಕ. ಆಮೇಲೆ ಅವರು ತಕ್ಕಡಿ ಹತ್ತಿದ್ದನ್ನು ಅವಳು ನೋಡಿರಲಿಲ್ಲ, ಆ ಅಂಕಿಯೇ ತಲೆಯಲ್ಲಿ ಉಳಿದುಬಿಟ್ಟಿತ್ತು. ಮಗಳೂ ಪಕ್ಕದಲ್ಲಿ "ಹೌದು, ಅಪ್ಪನ್ನ ನೋಡಿದ್ರೆ ಎಪ್ಪತ್ತನಾಲ್ಕು ವರ್ಷ ಅಂತ ಯಾರೂ ಹೇಳಲ್ಲ, ಅಷ್ಟು ನೀಟಾಗಿದ್ದಾರೆ" ಎಂದಳು. ಹುಡುಗ ತಲೆಯಾಡಿಸಿ ಬರೆದುಕೊಂಡು ಹೋದ.

ಐಸಿಯು ಒಳಗೆ ಬಿಡುತ್ತಿದ್ದದ್ದು ದಿನಕ್ಕೆ ಎರಡೇ ಸಲ, ಬೆಳಗ್ಗೆ ಹನ್ನೊಂದಕ್ಕೆ, ಸಂಜೆ ಐದಕ್ಕೆ, ಒಂದೊಂದು ಸಲಕ್ಕೆ ಇಪ್ಪತ್ತು ನಿಮಿಷ. ಉಳಿದ ಹೊತ್ತು ಹೊರಗಿನ ಉಕ್ಕಿನ ಕುರ್ಚಿಗಳಲ್ಲಿ ಕೂರಬೇಕು. ಅಲ್ಲಿ ಕೂತವರೆಲ್ಲ ಎರಡೇ ದಿನಕ್ಕೆ ನೆಂಟರಾಗಿಬಿಡುತ್ತಾರೆ. ಯಾರ ಮನೆಯವರು ಕಣ್ಣು ಬಿಟ್ಟಿದ್ದಾರೆ, ಯಾರಿಗೆ ಜ್ವರ ಇಳಿದಿದೆ, ಎಲ್ಲರಿಗೂ ಎಲ್ಲ ಗೊತ್ತು. ಕತ್ತರಿಯಮ್ಮ ಆ ಸಾಲಿನಲ್ಲಿ ಮೂರು ದಿನ ಕೂತು, ಎದುರು ಕೂತವನ ಅಂಗಿಯ ಬಿಟ್ಟುಹೋದ ಗುಂಡಿಯನ್ನೂ ಹೊಲಿದುಕೊಟ್ಟಳು. ಕೈ ಸುಮ್ಮನಿರಬೇಕಲ್ಲ.

ಒಳಗೆ ಹೋದಾಗಲೆಲ್ಲ ಗಂಡನ ಮುಖ ದಿನದಿನಕ್ಕೆ ದುಂಡಗಾಗುತ್ತಿತ್ತು. ರಕ್ತದೊತ್ತಡ ಬಿದ್ದುಹೋಗಿದ್ದರಿಂದ ಬಾಟಲಿಗಟ್ಟಲೆ ಡ್ರಿಪ್ ಏರಿಸಿದ್ದರು. ಮುಂಗೈ ಊದಿತ್ತು, ಕಾಲು ಊದಿತ್ತು, ಕೆನ್ನೆಯೂ ತುಂಬಿಕೊಂಡಿತ್ತು. ನೋಡಿದವರಿಗೆ ಮೈಕೈ ತುಂಬಿಕೊಂಡ ಮನುಷ್ಯ. ಮಂಚದ ಪಕ್ಕ ನೇತಾಡುತ್ತಿದ್ದ ಮೂತ್ರದ ಚೀಲ ಮಾತ್ರ ತುಂಬುತ್ತಿರಲಿಲ್ಲ. ಮೊದಲ ದಿನ ಅರ್ಧಕ್ಕೆ ಬಂದದ್ದು ಮೂರನೇ ದಿನ ತಳದಲ್ಲಿ ನಾಲ್ಕು ಬೆರಳು, ಅದೂ ಕಡುಚಹಾದ ಬಣ್ಣ.

ಕನ್ನಡಕದ ಡಾಕ್ಟರು ರಿಪೋರ್ಟು ನೋಡುತ್ತಾ, "ಕಿಡ್ನಿ ನಂಬರು ಒಂದು ಪಾಯಿಂಟ್ ಒಂದಿದೆ. ಎಲ್ಲರಿಗೂ ಇರಬೇಕಾದ ಮಿತಿಯೊಳಗೇ ಇದೆ. ಆದ್ರೆ ಯೂರಿನ್ ಕಮ್ಮಿ ಆಗ್ತಿರೋದು ನನಗೆ ಸರಿ ಕಾಣ್ತಿಲ್ಲ. ಕಾರಣ ಹುಡುಕ್ತಾ ಇದೀವಿ" ಎಂದರು. ಪ್ರಾಮಾಣಿಕ ಮನುಷ್ಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದರು.

ನಾಲ್ಕನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಕತ್ತರಿಯಮ್ಮ ಒಳಗೆ ಹೋದರೆ, ಮಂಚದ ಪಕ್ಕ ಉದ್ದನೆಯ ಹುಡುಗಿಯೊಬ್ಬಳು ಬಗ್ಗಿ ನಿಂತಿದ್ದಳು. ಬಿಳಿ ಕೋಟು, ಕಂಕುಳಲ್ಲಿ ಫೈಲು, ಕೈಯಲ್ಲಿ ಟೇಪು. ಈ ಆಸ್ಪತ್ರೆಯ ಡಯಟಿಷಿಯನ್, ರೋಗಿಗಳಿಗೆ ಏನು ಆಹಾರ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕುವವಳು. ಕುರ್ಚಿ ಸಾಲಿನವರು ಅವಳಿಗೆ ಇಟ್ಟಿದ್ದ ಹೆಸರು ಊಟದ ಮೇಡಂ.

"ನಮಸ್ಕಾರ ಅಮ್ಮ. ತೋಳಿನ ಸುತ್ತಳತೆ ತೊಗೊಳ್ತಾ ಇದೀನಿ. ಕಾಲು ಊದಿದೆ, ಆ ಅಳತೆ ನಂಬೋ ಹಾಗಿಲ್ಲ" ಎಂದು ಊಟದ ಮೇಡಂ ತೋಳಿಗೆ ಟೇಪು ಸುತ್ತಿದಳು.

ಕತ್ತರಿಯಮ್ಮ ನೋಡಿದಳು. ಟೇಪು ಒಂದು ಕಡೆ ತಿರುಚಿಕೊಂಡಿತ್ತು. ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು. ಇವಳು ಇರುತ್ತಾಳೆಯೇ?

"ಹಂಗಲ್ಲ ಮೇಡಂ, ಟೇಪು ಮಡಚ್ಕೊಂಡಿದೆ. ಕಾಲು ಇಂಚು ತಪ್ಪಾಗುತ್ತೆ. ಕೊಡಿ ಇಲ್ಲಿ."

ಹುಡುಗಿ ನಕ್ಕು ಕೊಟ್ಟಳು. ಕತ್ತರಿಯಮ್ಮ ಗಂಡನ ತೋಳಿನ ಕೆಳಗೆ ಕೈ ಹಾಕಿ, ಟೇಪನ್ನು ಸಮ ಮಾಡಿ, ಬೆರಳ ತುದಿಯಲ್ಲಿ ಹಿಡಿದು ಅಂಕಿ ಓದಿದಳು. ಎಂಟೂಕಾಲು ಇಂಚು.

ಅವಳಿಗೆ ಸೆಂಟಿಮೀಟರು ಗೊತ್ತಿಲ್ಲ, ಕಿಡ್ನಿ ನಂಬರು ಗೊತ್ತಿಲ್ಲ. ಇಂಚು ಗೊತ್ತು. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ನೂರಿನ್ನೂರು ಯೂನಿಫಾರಂ ಹೊಲಿಯುವ ಕೈ ಅದು. ಎಂಟೂಕಾಲು ಅಂದರೆ ಆರನೇ ಕ್ಲಾಸಿನ ಮಗುವಿನ ತೋಳು. ಮೂವತ್ತನಾಲ್ಕು ವರ್ಷ ಬಸ್ಸಿನ ಸ್ಟಿಯರಿಂಗ್ ತಿರುಗಿಸಿದ ತೋಳಲ್ಲ. ಇನ್ನೊಂದು ತೋಳಿಗೂ ಹಿಡಿದಳು. ಅಲ್ಲೂ ಅಷ್ಟೇ. ಚರ್ಮ ಬೆರಳಿಗೆ ಸಡಿಲವಾಗಿ ಸಿಕ್ಕಿತು, ಒಳಗೆ ತುಂಬಬೇಕಾದ್ದು ತುಂಬಿರಲಿಲ್ಲ.

"ಎಷ್ಟು ಬಂತಮ್ಮ?"

"ಎಂಟೂಕಾಲು" ಎಂದಳು. ಅಷ್ಟು ಸಣ್ಣ ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಊಟದ ಮೇಡಂ ಹುಬ್ಬು ಗಂಟಿಕ್ಕಿ ಫೈಲು ತಿರುಗಿಸಿದಳು. "ತೂಕ ಎಪ್ಪತ್ತೆರಡು, ಇಳಿದಿಲ್ಲ, ಬಟ್ಟೆ ಸಡಿಲ ಆಗಿಲ್ಲ ಅಂತಿದೆ. ಈ ತೋಳಿಗೆ ಇದು ಹೊಂದಲ್ವಲ್ಲ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಮುಗಿಯಿತು, ಎಲ್ಲರನ್ನೂ ಹೊರಗೆ ಕಳಿಸಿದರು.

ಹೊರಗೆ ಬಂದವಳು ಕುರ್ಚಿಯಲ್ಲಿ ಕುಕ್ಕರಿಸಿದಳು. ಮಗಳು "ಏನಾಯ್ತಮ್ಮ?" ಎಂದರೆ "ಏನಿಲ್ಲ" ಎಂದಳು. ಏನಿಲ್ಲ ಎನ್ನುವ ಮಾತು ಆ ಬಾಯಿಂದ ಬಂದದ್ದೇ ಮಗಳಿಗೆ ಗಾಬರಿಯಾಗಲು ಸಾಕಾಗಿತ್ತು.

ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ಒಂದು ದಿನ ಡ್ರೈವರಣ್ಣ ತಮ್ಮ ಪ್ಯಾಂಟೊಂದನ್ನು ತಂದು ಮಿಷನ್ನಿನ ಪಕ್ಕದ ಕುರ್ಚಿಯ ಮೇಲೆ ಹಾಕಿ ಹೋದರು. ಮಾತಿಲ್ಲ ಕತೆಯಿಲ್ಲ. ಅವಳು ಎತ್ತಿ ನೋಡಿ, ಸೊಂಟದಲ್ಲಿ ಅರ್ಧ ಇಂಚು ಒಳಗೆ ಹಿಡಿದು ಹೊಲಿದು, ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದಳು. ಎರಡು ತಿಂಗಳಾದ ಮೇಲೆ ಇನ್ನೊಂದು ಸಲ ಕುರ್ಚಿಯ ಮೇಲೆ ಪ್ಯಾಂಟು. ಇನ್ನರ್ಧ ಇಂಚು. ಆಮೇಲೆ ಅಂಗಿಗಳ ಪಕ್ಕ, ಹೆಗಲು, ಕಾಲರು. ಗಂಡನ ಮೈಮೇಲೆ ಬಟ್ಟೆ ಜೋತುಬಿದ್ದರೆ ನೋಡಿದವರು ಏನೆಂದಾರು, ದರ್ಜಿಯ ಗಂಡ ಹೀಗಾ ಅಂದಾರು! ಅದಕ್ಕೇ ಕಂಡ ಕಂಡ ಹಾಗೆ ಸರಿಮಾಡುತ್ತಾ ಹೋದಳು. ವಯಸ್ಸಾಯಿತು, ಹೊಟ್ಟೆ ಕರಗಿತು, ಒಳ್ಳೆಯದೇ ಆಯಿತು ಅಂದುಕೊಂಡಳು. ಬೀದಿಯವರು "ನಿಮ್ಮನೆಯವರು ಏನು ಫಿಟ್ಟಾಗಿದ್ದಾರೆ" ಎಂದಾಗ ಹಿಗ್ಗಿಯೂ ಇದ್ದಳು. ಸಡಿಲವಾಗುವ ಬಟ್ಟೆಯನ್ನು ಸಡಿಲವಾಗಲು ಬಿಡದೆ, ಎಲ್ಲರ ಕಣ್ಣಿಂದಲೂ ಆ ಮನುಷ್ಯ ಕರಗುತ್ತಿದ್ದದ್ದನ್ನು ಮುಚ್ಚಿದ್ದು ತಾನೇ. ಮಗಳ ಕಣ್ಣಿಂದ, ಗಡ್ಡದ ಹುಡುಗನ ಕಣ್ಣಿಂದ, ತನ್ನ ಕಣ್ಣಿಂದಲೂ.

ಹೇಳಬೇಕು ಎನಿಸಿತು. ಹೇಳುವುದು ಹೇಗೆ? ನಲವತ್ತಾರು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡ ಹೊಟ್ಟೆಗೆ ತಿನ್ನುತ್ತಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲವಾ ಎಂದು ಕೇಳಿದರೆ ಮುಖ ಎಲ್ಲಿಟ್ಟುಕೊಳ್ಳುವುದು? ಹೇಳದೆ ಇದ್ದುಬಿಟ್ಟರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ಗಂಟೆ ಹಾಗೇ ಕೂತಳು. ಆಮೇಲೆ ಆ ತಳದ ನಾಲ್ಕು ಬೆರಳಿನ ಕಡುಚಹಾ ಕಣ್ಣ ಮುಂದೆ ಬಂತು. "ಮರ್ಯಾದೆ ಮನೆ ಹಾಳಾಗಲಿ" ಎಂದು ಗಟ್ಟಿಯಾಗಿ ಅಂದು ಎದ್ದಳು. ಪಕ್ಕದ ಕುರ್ಚಿಯವರು ಬೆಚ್ಚಿಬಿದ್ದರು.

ಬಸ್ಸು ಹಿಡಿದು ಮನೆಗೆ ಹೋದಳು. ಮಿಷನ್ನಿನ ಡ್ರಾಯರಿನಲ್ಲಿ ಅಳತೆ ಪುಸ್ತಕವಿತ್ತು. ಬೀದಿಯ ಸಮಸ್ತರ ಎದೆ, ಸೊಂಟ, ತೋಳು ಅದರಲ್ಲಿ ತಾರೀಕಿನ ಸಮೇತ ಇದ್ದವು. ನೆನಪನ್ನು ನಂಬಿ ಬಟ್ಟೆ ಕತ್ತರಿಸಬಾರದು ಎನ್ನುವುದು ಅವಳ ಪದ್ಧತಿ, ಗಂಡನೂ ಅದಕ್ಕೆ ಹೊರತಲ್ಲ. ಹಾಳೆ ತಿರುವಿದಳು. 'ಮನೆಯವರು' ಎಂದು ಬರೆದ ಪುಟದಲ್ಲಿ ಸೊಂಟ ಮೂವತ್ತೆಂಟು ಇದ್ದದ್ದು ಮೂವತ್ತೇಳೂವರೆ, ಮೂವತ್ತೇಳು, ಮೂವತ್ತಾರೂವರೆ, ಹೀಗೆ ಒಂದರ ಕೆಳಗೊಂದು ಇಳಿದು ಮೂವತ್ತೊಂದಕ್ಕೆ ನಿಂತಿತ್ತು. ಹದಿನಾಲ್ಕು ಸಲ ಬರೆದಿದ್ದಳು, ತನ್ನ ಕೈಯಾರೆ. ಒಂದು ಸಲವೂ ಹಿಂದಿನ ಸಾಲು ನೋಡಿರಲಿಲ್ಲ, ಹೊಸ ಅಳತೆ ಸಿಕ್ಕರೆ ಹಳೆಯದರ ಗೊಡವೆ ಯಾರಿಗೆ ಬೇಕು. ಪುಸ್ತಕವನ್ನು ಎದೆಗವಚಿಕೊಂಡು ಅಲ್ಲೇ ಮಿಷನ್ನಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಅತ್ತು, ಮುಖ ತೊಳೆದು, ಮತ್ತೆ ಬಸ್ಸು ಹತ್ತಿದಳು.

ಮಧ್ಯಾಹ್ನ ಎರಡು ಗಂಟೆ. ಐಸಿಯು ಬಾಗಿಲಲ್ಲಿ ಕಾವಲಿನವನು "ಟೈಮಾಗಿಲ್ಲಮ್ಮ" ಎಂದ. "ನಾನು ಗಂಡನ್ನ ನೋಡೋಕೆ ಬಂದಿಲ್ಲ, ಊಟದ ಮೇಡಂನ ನೋಡಬೇಕು. ಎಲ್ಲಿ ಕೂರ್ತಾರೆ ಹೇಳ್ತೀಯೋ, ಇಲ್ಲಾ ನಿನ್ನ ಯೂನಿಫಾರಂ ಹೊಲಿದ ಪುಣ್ಯಾತ್ಮ ಯಾರು, ಒಂದು ತೋಳು ಉದ್ದ ಒಂದು ಗಿಡ್ಡ ಯಾಕೆ ಮಾಡಿದ್ದಾನೆ ಅಂತ ಇಲ್ಲೇ ಎಲ್ಲರ ಮುಂದೆ ವಿಚಾರಿಸ್ಲಾ?" ಕಾವಲಿನವನು ತೋಳು ನೋಡಿಕೊಂಡು, ನೆಲಮಾಳಿಗೆಗೆ ದಾರಿ ತೋರಿಸಿದ.

ಅಲ್ಲಿ ಆಸ್ಪತ್ರೆಯ ಅಡುಗೆಮನೆ. ಗೋಡೆಯುದ್ದಕ್ಕೂ ಮಂಚದ ನಂಬರು ಅಂಟಿಸಿದ ತಟ್ಟೆಗಳು, ಆವಿ, ತೊಳೆದ ಪಾತ್ರೆಗಳ ಸದ್ದು, ಒಂದು ಮೂಲೆಯಲ್ಲಿ ಗಾಜಿನ ಚಿಕ್ಕ ಕೋಣೆ. ಊಟದ ಮೇಡಂ ಒಂದು ಕೈಯಲ್ಲಿ ಬ್ರೆಡ್ಡು ತಿನ್ನುತ್ತಾ ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದಳು.

"ನೀವು ಮೊದಲು ಊಟ ಮುಗಿಸಿ ಮೇಡಂ, ಆಮೇಲೆ ಹೇಳ್ತೀನಿ" ಎಂದಳು ಕತ್ತರಿಯಮ್ಮ.

"ಹೇಳಿ ಅಮ್ಮ, ಪರವಾಗಿಲ್ಲ."

"ನಾನು ತಪ್ಪು ಹೇಳ್ಬಿಟ್ಟೆ. ಬಟ್ಟೆ ಸಡಿಲ ಆಗಿಲ್ಲ ಅಂದೆ. ಆಗಿತ್ತು. ಆದಾಗೆಲ್ಲ ನಾನೇ ಒಳಗೆ ಹಿಡೀತಿದ್ದೆ. ಸೊಂಟ ಏಳು ಇಂಚು ಇಳಿದಿದೆ. ಎಪ್ಪತ್ತೆರಡು ಕೇಜಿ ಅಂದದ್ದು ಯಾವ ಕಾಲದ್ದೋ. ಇಲ್ಲಿದೆ ನೋಡಿ, ಎಲ್ಲ ಬರೆದಿದೀನಿ, ಬರೆದಿದೀನಿ ಅಷ್ಟೇ, ಓದಿಲ್ಲ" ಎಂದು ಪುಸ್ತಕ ಮೇಜಿನ ಮೇಲಿಟ್ಟಳು. "ನನ್ನಿಂದ ಅವರಿಗೆ ಏನಾದ್ರೂ ಆಯ್ತಾ? ಮುಚ್ಚುಮರೆ ಬೇಡ ಮೇಡಂ. ಹೇಳ್ಬಿಡಿ."

ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡೇ ನಿಂತಿದ್ದಳು. ಆ ಹುಡುಗಿ ಬೈಯಲಿಲ್ಲ. ಬ್ರೆಡ್ಡು ಪಕ್ಕಕ್ಕಿಟ್ಟು, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಓದುತ್ತಾ ಓದುತ್ತಾ ಅವಳ ಮುಖ ಅರಳಿತು.

"ಅಮ್ಮ, ಎರಡು ವರ್ಷದ ಅಳತೆ ತಾರೀಕು ಹಾಕಿ ಬರೆದಿಟ್ಟಿರೋ ರೋಗಿ ಕಡೆಯವರನ್ನ ನಾನು ಇದುವರೆಗೂ ನೋಡಿಲ್ಲ. ನಮಗೆ ಬೇಕಾಗಿದ್ದದ್ದೇ ಇದು. ಕೂತ್ಕೊಳಿ" ಎಂದು ಫೋನೆತ್ತಿ ಕನ್ನಡಕದ ಡಾಕ್ಟರನ್ನು ಕರೆದಳು.

ಡಾಕ್ಟರು ಬರುವಷ್ಟರಲ್ಲಿ ಕತ್ತರಿಯಮ್ಮನಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದಳು. ಮೈಯ ಮಾಂಸಖಂಡದಿಂದ ದಿನಾ ಒಂದಿಷ್ಟು ಕಸ ರಕ್ತಕ್ಕೆ ಬರುತ್ತೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತೆ. ಕಿಡ್ನಿ ಸೋತರೆ ಕಸ ಏರುತ್ತೆ, ಆ ಏರಿಕೆಯೇ ರಿಪೋರ್ಟಿನ ನಂಬರು.

"ಆದ್ರೆ ಮಾಂಸಖಂಡವೇ ಕರಗಿಹೋಗಿದ್ರೆ?"

ಕತ್ತರಿಯಮ್ಮ ತಟ್ಟನೆ ಹೇಳಿದಳು: "ಬಟ್ಟೆನೇ ಕಮ್ಮಿ ಇದ್ರೆ ಕತ್ತರಿಸಿದ ಚೂರೂ ಕಮ್ಮಿ."

"ಅಷ್ಟೇ! ಚೂರು ಕಮ್ಮಿ ಇದೆ ಅಂತ ಕಸ ಗುಡಿಸೋರು ಕೆಲಸ ಮಾಡ್ತಿದಾರೆ ಅಂತಲ್ಲ. ಇವರಿಗೆ ಆ ನಂಬರು ಮೊದಲು ಅರ್ಧದಷ್ಟಿತ್ತೇನೋ. ಈಗ ಇರೋದು ಬೇರೆಯವರಿಗೆ ಸರಿಯಾದ ನಂಬರು, ಇವರಿಗೆ ಎರಡರಷ್ಟು."

ಡಾಕ್ಟರು ಬಂದು ನಿಂತೇ ಪುಸ್ತಕ ನೋಡಿದರು. ಕನ್ನಡಕ ಹಣೆಗೇರಿಸಿ ಇನ್ನೊಂದು ಸಲ ನೋಡಿದರು. "ಎಪ್ಪತ್ತೆರಡಲ್ಲ, ಐವತ್ತರ ಆಸುಪಾಸು. ನಾವು ಔಷಧದ ಲೆಕ್ಕ ಹಾಕಿದ್ದು ಎಪ್ಪತ್ತೆರಡಕ್ಕೆ" ಎಂದರು. ಆಮೇಲೆ ಅವಳ ಕಡೆ ತಿರುಗಿ, "ನಾವೂ ತೂಕ ಹಾಕಿ ನೋಡಬೇಕಿತ್ತಮ್ಮ. ಊತ ಇದ್ದದ್ದಕ್ಕೆ ನಮ್ಮ ಕಣ್ಣೂ ಮೋಸ ಹೋಯ್ತು. ಕಿಡ್ನಿಗೆ ಪೆಟ್ಟು ಬಿದ್ದಿದೆ. ಸೋಂಕೇ ಮೊದಲ ಕಾರಣ, ಆದ್ರೆ ಈ ಮೈಯಲ್ಲಿ ತಡ್ಕೊಳ್ಳೋ ಶಕ್ತಿನೇ ಕಮ್ಮಿ ಇತ್ತು. ಇವತ್ತೇ ಎಲ್ಲ ಬದಲಾಯಿಸ್ತೀವಿ. ಬದುಕ್ತಾರೆ ಅಂತ ಮಾತು ಕೊಡೋಕಾಗಲ್ಲ. ಆದ್ರೆ ಇನ್ನೆರಡು ದಿನ ಬಿಟ್ಟು ಗೊತ್ತಾಗಿದ್ರೆ ತಡ ಆಗ್ತಿತ್ತು" ಎಂದರು.

ಅಷ್ಟು ದೊಡ್ಡ ಡಾಕ್ಟರು "ನಮ್ಮ ಕಣ್ಣೂ" ಎಂದದ್ದಿದೆಯಲ್ಲ, ಕತ್ತರಿಯಮ್ಮ ಅದನ್ನು ಸಾಯುವವರೆಗೂ ಮರೆಯುವುದಿಲ್ಲ. ತಪ್ಪನ್ನು ಹಂಚಿಕೊಳ್ಳುವ ಮನುಷ್ಯರು ಎಲ್ಲೆಲ್ಲೂ ಸಿಗುವುದಿಲ್ಲ.

ಅವತ್ತು ಸಂಜೆಯೇ ಕಿಡ್ನಿಗೆ ಭಾರವಾಗುವ ಒಂದು ಔಷಧ ನಿಲ್ಲಿಸಿದರು, ಉಳಿದವುಗಳ ಪ್ರಮಾಣ ಇಳಿಸಿದರು. ಮೂಗಿನ ಕೊಳವೆಯಲ್ಲಿ ಹೋಗುತ್ತಿದ್ದ ಆಹಾರವನ್ನೂ ಬದಲಾಯಿಸಿದರು. ಕತ್ತರಿಯಮ್ಮ "ಇನ್ನೂ ಜಾಸ್ತಿ ಹಾಕಿ ಮೇಡಂ, ಎರಡು ವರ್ಷದ್ದು ಬಾಕಿ ಇದೆ" ಎಂದರೆ ಊಟದ ಮೇಡಂ ತಲೆಯಾಡಿಸಿದಳು. ಬಹಳ ದಿನ ಹಸಿದ ಮೈಗೆ ಒಂದೇ ಸಲ ತುಂಬ ಕೊಟ್ಟರೆ ರಕ್ತದಲ್ಲಿನ ಲವಣಗಳು ತಟ್ಟನೆ ಕುಸಿದು ಹೃದಯಕ್ಕೇ ತೊಂದರೆಯಂತೆ. "ಸ್ವಲ್ಪದಿಂದ ಶುರು ಮಾಡಿ, ದಿನಾ ರಕ್ತ ನೋಡ್ಕೊಂಡು ಏರಿಸ್ತೀನಿ. ನೀವು ಹಿಡಿದ ಹಾಗೇ, ಅರ್ಧರ್ಧ ಇಂಚು" ಎಂದಳು. ಕತ್ತರಿಯಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಮಗಳಿಗೂ ಹೇಳಿದಳು. ಮಗಳು ಕೋಪ ಮಾಡಿಕೊಳ್ಳಲಿಲ್ಲ. "ನಾನು ವಾರಕ್ಕೆರಡು ಸಲ ಬಂದು ಅಪ್ಪನ ಪಕ್ಕ ಕೂತು ಹೋಗ್ತಿದ್ದೆ, ನನಗೇ ಕಾಣಲಿಲ್ಲ" ಎಂದು ತಾಯಿಯ ಹೆಗಲಿಗೆ ತಲೆಯಿಟ್ಟಳು.

ಎಲ್ಲ ತಕ್ಷಣ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ಚೀಲ ಪೂರ್ತಿ ಒಣಗಿತ್ತು. ಎರಡು ಸಲ ಡಯಾಲಿಸಿಸ್ ಮಾಡಬೇಕಾಯಿತು. ಆ ಮಿಷನ್ನಿನ ಕೊಳವೆಗಳಲ್ಲಿ ಗಂಡನ ರಕ್ತ ಸುತ್ತುವುದನ್ನು ಅವಳು ಮಂಚದ ಕಂಬಿ ಹಿಡಿದು ನೋಡಿದಳು. ಇಪ್ಪತ್ತು ನಿಮಿಷ ಸಿಕ್ಕಾಗಲೆಲ್ಲ ಗಂಡನ ಮುಖ ಆಮೇಲೆ, ಚೀಲದ ಕಡೆ ಕಣ್ಣು ಮೊದಲು. ಗಡ್ಡದ ಹುಡುಗ ಇವಳನ್ನು ಕಂಡೊಡನೆ ತಾನೇ ಹೇಳುವನು: "ಮೂವತ್ತು ಎಂಎಲ್ ಅಮ್ಮ." "ನಲವತ್ತು."

ಒಂಬತ್ತನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತೆರೆದಾಗ ಆ ಹುಡುಗ ಬಾಗಿಲಲ್ಲೇ ನಿಂತಿದ್ದ, ಹಲ್ಲೆಲ್ಲ ಬಿಟ್ಟುಕೊಂಡು.

"ಬೆಳಗ್ಗೆಯಿಂದ ನಾನೂರು, ಅಮ್ಮ!"

ಓಡಿಹೋಗಿ ನೋಡಿದಳು. ಚೀಲ ತುಂಬಿ ತೂಗುತ್ತಿತ್ತು, ತಿಳಿಹಳದಿ ಬಣ್ಣ. ಅವಳಿಗೆ ಹೋದ ಜೀವ ಬಂದಂತಾಯಿತು. ಆ ಗಡ್ಡದ ಹುಡುಗನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಹೊರಗೆ ಬಂದು ಉಕ್ಕಿನ ಕುರ್ಚಿಗಳ ಸಾಲಿಗೆಲ್ಲ ಕೇಳುವಂತೆ "ನಮ್ಮನೆಯವರು ಉಚ್ಚೆ ಹೊಯ್ದರು ಕಣ್ರೀ!" ಎಂದು ಕೂಗಿದಳು. ಮಗಳು "ಅಮ್ಮಾ, ಮೆಲ್ಲಗೆ" ಎಂದು ನಾಚಿ ನೀರಾದಳು. ಆದರೆ ಆ ಸಾಲಿನವರಿಗೆ ನಾಚಿಕೆಯಾಗಲಿಲ್ಲ. ಗುಂಡಿ ಹೊಲಿಸಿಕೊಂಡವನು ಎದ್ದು ನಿಂತು ಚಪ್ಪಾಳೆ ತಟ್ಟಿದ. ಆ ದಿನ ಅವಳು ಕಾವಲಿನವನನ್ನು ನಿಲ್ಲಿಸಿ ಅವನ ಗಿಡ್ಡ ತೋಳನ್ನು ಬಿಚ್ಚಿ ಸರಿಮಾಡಿಕೊಟ್ಟಳು. ಋಣ ಅನ್ನುವುದು ಮೈತುಂಬ ಇಳಿದಿತ್ತು, ಯಾರಿಗೆ ಏನು ಮಾಡಿದರೂ ಸಾಲದು ಎನಿಸುತ್ತಿತ್ತು.

ಹನ್ನೊಂದನೇ ದಿನ ಗಂಟಲ ಕೊಳವೆ ತೆಗೆದರು. ಹದಿನೈದನೇ ದಿನ ವಾರ್ಡಿಗೆ ತಂದರು. ಊತ ಇಳಿದ ಮೇಲೆ ಡ್ರೈವರಣ್ಣ ನಿಜವಾಗಿ ಎಷ್ಟಿದ್ದಾರೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಭುಜದ ಮೂಳೆ ಎದ್ದು ಕಾಣುತ್ತಿತ್ತು. ಕತ್ತರಿಯಮ್ಮ ಈ ಸಲ ಕಣ್ಣು ತಿರುಗಿಸಲಿಲ್ಲ. ಪೂರ್ತಿ ನೋಡಿದಳು.

ಊಟದ ಮೇಡಂ ದಿನವೂ ಬರುತ್ತಿದ್ದಳು. ಬಾಯಲ್ಲಿ ನುಂಗಲು ಬರುತ್ತದೆಯೇ ಎಂದು ಮೊದಲು ಒಂದು ಚಮಚ ನೀರು, ಆಮೇಲೆ ಎರಡು ಚಮಚ ಹಾಲು. ವಾರ್ಡಿಗೆ ಬಂದ ನಾಲ್ಕನೇ ದಿನ ಮಧ್ಯಾಹ್ನ ಮೊದಲ ಸಲ ತಟ್ಟೆಯ ಊಟ ಎಂದಿದ್ದಳು, ಮೆತ್ತಗೆ ಬೇಯಿಸಿ ನುರಿದದ್ದು. ಊಟ ಬರಲು ಇನ್ನೂ ಅರ್ಧ ಗಂಟೆಯಿತ್ತು. ಕಿಟಕಿಯಿಂದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಗಂಡ ಹೆಂಡತಿ ಇಬ್ಬರೇ.

"ರೀ, ನಿಮಗೊಂದು ಹೇಳಬೇಕು."

"ಹೂಂ."

ಎಲ್ಲವನ್ನೂ ಹೇಳಿದಳು. ಫಾರಂ, ಎಪ್ಪತ್ತೆರಡು, ಎಂಟೂಕಾಲು, ಪುಸ್ತಕ. ಒಂದೂ ಬಿಡಲಿಲ್ಲ. "ನೀವು ಕರಗ್ತಾ ಇದ್ರೆ ನಾನು ಅಂದ ಮಾಡ್ತಾ ಕೂತಿದ್ದೆ. ಹೆಂಡತಿಯಾಗಿ ಒಂದು ಮಾತು ಕೇಳ್ಲಿಲ್ಲ, ಯಾಕ್ರೀ ಹಿಂಗಾಗ್ತಿದೀರ ಅಂತ. ನನ್ನ ಬಾಯಿಗೆ ಬೇರೆ ಎಲ್ಲದಕ್ಕೂ ಪುರುಸೊತ್ತಿತ್ತು" ಎಂದು ಮುಖ ತಗ್ಗಿಸಿದಳು.

ಡ್ರೈವರಣ್ಣ ಅವಳ ಕಡೆ ತಿರುಗಿದರು. ಕೊಳವೆಯಿದ್ದ ಗಂಟಲು, ದನಿ ಇನ್ನೂ ಗೊರಗೊರ.

"ನಾನೂ ಒಂದು ಹೇಳಬೇಕು ಕಣೇ. ಎರಡು ವರ್ಷದ ಹಿಂದೆ ಹಿಂದಿನ ಹಲ್ಲು ನಾಲ್ಕೂ ಅಲುಗಾಡೋಕೆ ಶುರುವಾಯ್ತು. ಅಗಿಯೋಕಾಗ್ತಿರಲಿಲ್ಲ. ಒಂದು ಊಟಕ್ಕೆ ಒಂದು ಗಂಟೆ ಬೇಕಾಗ್ತಿತ್ತು."

"ಮತ್ತೆ ದಿನಾ ಮಧ್ಯಾಹ್ನದ ಡಬ್ಬಿ ಖಾಲಿಯಾಗಿ ಬರ್ತಿತ್ತಲ್ರೀ!"

"ಡಿಪೋ ಹತ್ರ ಒಂದು ಕಂದು ನಾಯಿ ಇದೆ."

"ನಾಯಿಗಾ? ಬೆಳಗ್ಗೆ ಎದ್ದು, ಮಿಷನ್ ಬಿಟ್ಟು, ಕುದಿಸಿ ಬೇಯಿಸಿ ಕಟ್ಟಿಕೊಟ್ಟದ್ದನ್ನ ನಾಯಿಗಾ?"

"ಒಳ್ಳೆ ನಾಯಿ" ಎಂದರು ಡ್ರೈವರಣ್ಣ.

"ಹೇಳೋಕೆ ಏನಾಗಿತ್ತು ನಿಮಗೆ ದೊಡ್ಡ ರೋಗ? ನುರಿದು ಕೊಡ್ತಿದ್ದೆ. ಹಲ್ಲಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ!"

"ಅದಕ್ಕೇ ಹೇಳ್ಲಿಲ್ಲ. ಆರು ಗಂಟೆಗೆ ಮಿಷನ್ ಹತ್ತಿದವಳು ರಾತ್ರಿವರೆಗೂ ಇಳೀತಿರಲಿಲ್ಲ. ಇನ್ನೊಂದು ಕೆಲಸ ನಿನ್ನ ತಲೆ ಮೇಲೆ ಹೇರೋದು ಬೇಡ ಅಂತ. ಆಮೇಲಾಮೇಲೆ ಹಸಿವೂ ಸತ್ತುಹೋಯ್ತು, ಸುಲಭ ಆಯ್ತು." ಉಸಿರು ತೆಗೆದುಕೊಂಡು, ಮೆಲ್ಲನೆ ಹೇಳಿದರು: "ನೀನು ಕೇಳಲಿಲ್ಲ ಅಂತ ಅಳ್ಬೇಡ. ಕೇಳದೇ ಇರೋ ಹಾಗೆ ನೋಡ್ಕೊಂಡವನು ನಾನೇ."

ಅವಳಿಗೆ ಸಿಟ್ಟು ಬಂತು, ಕೆಟ್ಟ ಸಿಟ್ಟು. ನಾಯಿಯ ಮೇಲೆ, ಹಲ್ಲಿನ ಮೇಲೆ, ಈ ಮನುಷ್ಯನ ಹಾಳು ಮರ್ಯಾದೆಯ ಮೇಲೆ. ಆ ಸಿಟ್ಟಿನಲ್ಲೇ ಅವರ ಕೈ ಹಿಡಿದುಕೊಂಡಳು. ಬಯ್ಯಲು ಗಂಡ ಇದ್ದಾನೆ, ಬೆಚ್ಚಗಿದ್ದಾನೆ, ಎದುರು ಮಾತಾಡುತ್ತಿದ್ದಾನೆ. ಇದಕ್ಕಿಂತ ದೊಡ್ಡ ಭಾಗ್ಯ ಯಾವುದು ಎಂದು ಎದೆ ತುಂಬಿಬಂತು. ಕನ್ನಡಕದ ಡಾಕ್ಟರು, ಗಡ್ಡದ ಹುಡುಗ, ಟೇಪು ಸರಿಯಾಗಿ ಹಿಡಿಯಲು ಬಾರದ ಆ ಉದ್ದನೆಯ ಹುಡುಗಿ, ಎಲ್ಲರ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿದಳು.

ಕಾರಿಡಾರಿನ ಆ ತುದಿಯಲ್ಲಿ ಊಟದ ಗಾಡಿಯ ಚಕ್ರ ಕಿರುಗುಟ್ಟಿತು. ಒಂದು ಕೋಣೆಯ ಮುಂದೆ ನಿಂತಿತು, ಮತ್ತೆ ಹೊರಟಿತು, ಇನ್ನೊಂದರ ಮುಂದೆ ನಿಂತಿತು. ಡ್ರೈವರಣ್ಣ ದಿಂಬಿನ ಮೇಲೆ ತಲೆ ಹೊರಳಿಸಿ ಬಾಗಿಲ ಕಡೆ ನೋಡಿದರು.

"ಯಾಕ್ರೀ, ಏನು ಬೇಕು?"

"ಎಲ್ಲಾ ಸ್ಟಾಪಲ್ಲೂ ಎಷ್ಟು ಹೊತ್ತು ನಿಲ್ಲಿಸ್ತಾನೆ ಅವನು" ಎಂದು ಗೊಣಗಿದರು. "ಬೇಗ ಬರೋಕೆ ಹೇಳೇ, ಹಸಿವಾಗ್ತಿದೆ."

ಕತ್ತರಿಯಮ್ಮ ಎದ್ದು, ಬರಿಗಾಲಲ್ಲೇ ಕಾರಿಡಾರಿಗೆ ಓಡಿದಳು.